ಮನೆಗೊಂದೇ ಕಾರ್ಡು

ದೊಡ್ಡಬಳ್ಳಾಪುರ,
8-8-1976, ಭಾನುವಾರ

ಸಮಸ್ತ ಉತ್ತರ ದಿಕ್ಕಿನ ಗಡಿಯನ್ನು ಒಬ್ಬರೇ ಕಾಯುತ್ತಿರುವವರೂ, ಹಿಂದೆ ನಮ್ಮ ಮನೆಯ ಎರಡೇ ಎರಡು ಎಮ್ಮೆಗಳನ್ನು ಕಾಯಲಾರದೆ ಪಕ್ಕದವರ ಹುರುಳಿ ಹೊಲಕ್ಕೆ ಬಿಟ್ಟು ಮಲಗಿದವರೂ, ಮುದ್ದೆ ನುಂಗುವುದರಲ್ಲಿ ಅಜೇಯರೂ ಆದ ಶ್ರೀಮನ್ಮಹಾ ಸಿಪಾಯಿ ಮುನಿರಾಮಯ್ಯನವರ ಬೂಟುಗಳ ಸನ್ನಿಧಾನಕ್ಕೆ, ತಮ್ಮನಾದ ರಾಮಾಂಜಿನಪ್ಪನು ಉದ್ದಂಡ ಅಡ್ಡಬಿದ್ದು ಮಾಡಿಕೊಳ್ಳುವ ವಿಜ್ಞಾಪನೆ.

ಅಣ್ಣಾ, ಆರೋಗ್ಯ ಹೇಗಿದೆ? ಕೆಮ್ಮು ಅಂತ ಬರೆದಿದ್ದೆಯಲ್ಲ, ಅದನ್ನು ಕೇಳಿದಾಗಿನಿಂದ ಅಮ್ಮ ಮೆಣಸು ಕುಟ್ಟಿ ಡಬ್ಬಿ ತುಂಬಿಟ್ಟು, ಪೋಸ್ಟಿಗೆ ಹಾಕು ಹಾಕು ಅಂತ ನನ್ನ ಜೀವ ತಿಂತಿದ್ದಾಳೆ. ಅಪ್ಪನ ಮಂಡಿ ನೋವು ಹಾಗೇ ಇದೆ. ರತ್ನಕ್ಕನ ಮಗಳು ಒಂದನೇ ಕ್ಲಾಸಿಗೆ ಸೇರಿದ್ದಾಳೆ. ಭಾವ ತೀರಿಕೊಂಡು ಅಕ್ಕ ನಮ್ಮನೆಗೆ ಬಂದು ಮೂರು ವರ್ಷ ಆಗೇ ಹೋಯ್ತು ನೋಡು. ನಾನು ಎಂದಿನಂತೆ ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ, ಆಫೀಸಿನಲ್ಲಿ ಇಡೀ ದಿನ ಕಾರ್ಡಿಗೆ ತೂತು ಹೊಡೆದು, ಸಂಜೆ ರೈಲಿಗೆ ಬರ್ತೀನಿ.

ಇನ್ನು ನೀನು ಕಾಯ್ತಿರೋ ಸುದ್ದಿ. ಬಾಶೆಟ್ಟಿಹಳ್ಳಿ ಪಕ್ಕದ ಹೊಸ ಕಾರ್ಖಾನೆಗೆ ಜಮೀನು ಕೊಟ್ಟ ನಲವತ್ತಮೂರು ಮನೆಗೆ ಮನೆಗೊಂದು ಕೆಲಸ, ಎಸ್ಸೆಸ್ಸೆಲ್ಸಿ ಪಾಸಾದವರಲ್ಲಿ ವಯಸ್ಸಿಗೆ ದೊಡ್ಡವರಿಗೆ ಅಂತ ಹೇಳಿದ್ರಲ್ಲ. ನೀನು ಮಿಲಿಟರಿ ಬಿಟ್ಟು ಬಂದು ಸೇರ್ತೀನಿ ಅಂತ ಅರ್ಜಿ ಕಳಿಸಿದೆ. ಇತ್ತ ಅಕ್ಕನೂ ಒಂದು ಅರ್ಜಿ ಹಾಕಿದಳು. ಒಟ್ಟು ನೂರ ಮೂವತ್ತೇಳು ಅರ್ಜಿ. ಮನುಷ್ಯರು ಆರಿಸಿದರೆ ವಶೀಲಿ ನಡೆಯುತ್ತೆ ಅಂತ, ಆ ಕೆಲಸವನ್ನು ನಮ್ಮ ಆಫೀಸಿನ ಕಂಪ್ಯೂಟರಿಗೆ ವಹಿಸಿದರು. ಅದಕ್ಕೆ ಅಪ್ಪ ಇಲ್ಲ, ಅಮ್ಮ ಇಲ್ಲ, ಜಾತಿ ಇಲ್ಲ, ಬೀಗರಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಕಾರ್ಡು; ಹೆಸರು, ಮನೆ, ಹುಟ್ಟಿದ ತಾರೀಖು ಎಲ್ಲ ಅದಕ್ಕೆ ಓದೋಕೆ ಬರೋ ಹಾಗೆ ತೂತಿನಲ್ಲೇ ಬರೆದದ್ದು. ಆ ಮಹಾಯಂತ್ರಕ್ಕೆ ಪ್ರಶ್ನೆ ಬರೆದುಕೊಡುವ ಭಾಗ್ಯ ನಮ್ಮ ಸಾಹೇಬರಾದ ವೆಂಕಟರಾಮಪ್ಪನವರಿಗೆ, ಅವರ ಬಲಗೈಯಾದ ನನಗೆ.

ಮನೆಗೊಬ್ಬರನ್ನು ಹೆಕ್ಕೋದು ಏನು ಮಹಾ ಅಂದುಕೊಂಡಿದ್ದೆ. ಮೊದಲ ಸಲ, ಪ್ರತಿ ಮನೆಯಲ್ಲೂ ಎಲ್ಲಕ್ಕಿಂತ ಹಳೆಯ ಹುಟ್ಟಿದ ತಾರೀಖು ಯಾವುದು ಅಂತ ಕೇಳಿದೆ. ಸರಿಯಾಗಿ ನಲವತ್ತಮೂರು ತಾರೀಖು ಬಂತು, ಒಂದಕ್ಕೂ ಹೆಸರಿಲ್ಲ. "ತಾರೀಖಿಗೆ ಆರ್ಡರು ಕೊಡೋಕಾಗ್ತದೇನಯ್ಯಾ?" ಅಂದರು ಸಾಹೇಬರು. ಎರಡನೇ ಸಲ ಹೆಸರನ್ನೂ ಕೊಡು ಅಂದೆ. ಅದು ತಾರೀಖಿನಲ್ಲಿ ಹಳೆಯದನ್ನೂ ಹೆಸರಿನಲ್ಲಿ ಅಕ್ಷರಮಾಲೆಗೆ ಮೊದಲು ಬರೋದನ್ನೂ ಬೇರೆ ಬೇರೆ ಹೆಕ್ಕಿ ಒಟ್ಟಿಗೆ ಅಂಟಿಸಿತು. ದೊಡ್ಡಮುನಿಯಪ್ಪನವರ ಮನೆಯಿಂದ ಅವರ ಹಿರಿಮಗ ಪಿಳ್ಳಪ್ಪನ ವಯಸ್ಸು, ಕಿರಿಸೊಸೆ ಕದಿರಮ್ಮನ ಹೆಸರು. ತಲೆ ಒಬ್ಬರದು, ಮುಂಡ ಇನ್ನೊಬ್ಬರದು. ಆ ಕಾಗದ ತಂದು ಪಿಳ್ಳಪ್ಪನಿಗೆ ತೋರಿಸಿ, ಕೆಲಸಕ್ಕೆ ಸೀರೆ ಉಟ್ಟು ಬರಬೇಕಂತೆ ಅಂತ ಹೇಳಿದೆ. ಎರಡು ದಿನ ಪಾಪ ನಂಬಿದ್ದ.

ಮೂರನೇ ಸಲ ಬುದ್ಧಿ ಬಂತು. ಮೊದಲು ಮನೆಮನೆಯ ಹಳೆಯ ತಾರೀಖು ತೆಗೆದು, ಆಮೇಲೆ ಅದನ್ನು ಹಿಡಿದುಕೊಂಡು ಅದೇ ಮನೆಯ ಕಾರ್ಡುಗಳಿಗೆ ಹೋಗಿ, ಈ ತಾರೀಖು ಯಾರದು ಅಂತ ಕೇಳಿದೆ. ಈ ಸಲ ವಯಸ್ಸೂ ಹೆಸರೂ ಒಬ್ಬರದೇ. ಆದರೆ ಮನೆ ನಲವತ್ತಮೂರು, ಜನ ಐವತ್ತೊಂದು. ಸಾಹೇಬರು ಯಂತ್ರ ಕೆಟ್ಟಿದೆ ಅಂದರು. ಕೆಟ್ಟಿರಲಿಲ್ಲ. ನಮ್ಮ ಜವರಪ್ಪ ಮೇಷ್ಟ್ರು ಸ್ಕೂಲಿಗೆ ಸೇರಿಸಿಕೊಂಡ ಮಕ್ಕಳಿಗೆಲ್ಲ ಜೂನ್ ಒಂದು ಅಂತಲೇ ಬರೀತಿದ್ದರು ತಾನೇ, ಒಟ್ಟಿಗೆ ಸೇರಿದವರಿಗೆ ಇಸವಿಯೂ ಒಂದೇ. ಹಾಗಾಗಿ ಎಂಟು ಮನೆಯಲ್ಲಿ ಇಬ್ಬಿಬ್ಬರು ಹಿರಿಯರು. ಅದರಲ್ಲಿ ಒಂದು ನಮ್ಮದು. ನೀನೂ ರತ್ನಕ್ಕನೂ, ಇಬ್ಬರೂ 1-6-1950.

ಅಕ್ಕ ನಿನಗಿಂತ ಎರಡು ವರ್ಷ ದೊಡ್ಡವಳು ಅಂತ ನಿನಗೂ ಗೊತ್ತು. ಅಮ್ಮ ಕೂಲಿಗೆ ಹೋದಾಗ ನಿನ್ನನ್ನು ಸೊಂಟದ ಮೇಲೆ ಹೊತ್ತುಕೊಂಡು ಮನೇಲಿ ಉಳಿದವಳು ಅವಳು. ನೀನು ನಡೆದುಕೊಂಡು ಸ್ಕೂಲಿಗೆ ಹೋಗೋ ಹಾಗಾದ ಮೇಲೇ ಅವಳಿಗೂ ಸ್ಲೇಟು ಸಿಕ್ಕಿದ್ದು. ಇದನ್ನು ಬರೆಯೋಕೆ ಕಾರ್ಡಿನಲ್ಲಿ ಜಾಗವಿಲ್ಲ, ನಾನು ಯಾವ ತೂತು ಹೊಡೆಯಲಿ?

ಕೊನೆಗೆ ನಿಯಮಕ್ಕೆ ಇನ್ನೊಂದು ಸಾಲು ಸೇರಿತು. ತಾರೀಖು ಒಂದೇ ಆದರೆ, ಅರ್ಜಿ ನಂಬರು ಯಾರದು ಮೊದಲೋ ಅವರು. ಅರ್ಜಿ ನಂಬರು ಇಬ್ಬರಿಗೆ ಒಂದೇ ಇರೋದಿಲ್ಲವಲ್ಲ, ಅಲ್ಲಿಗೆ ತಕರಾರು ಮುಗೀತು. ಪ್ರತಿ ಮನೆಯ ಕಾರ್ಡುಗಳನ್ನು ಆ ಕ್ರಮದಲ್ಲಿ ನಿಲ್ಲಿಸಿ, ಮೇಲಿನ ಒಂದನ್ನು ಇಟ್ಟುಕೊಂಡು ಉಳಿದದ್ದನ್ನು ಬಿಡು ಅಂದ್ವಿ. ನಲವತ್ತಮೂರು ಮನೆ, ನಲವತ್ತಮೂರು ಹೆಸರು. ಅಕ್ಕನದು 62, ನಿನ್ನದು 88. ಕೆಲಸ ಅಕ್ಕನಿಗೆ. ಪ್ಯಾಕಿಂಗ್ ವಿಭಾಗ, ಇಪ್ಪತ್ತಮೂರನೇ ತಾರೀಖು ಸೋಮವಾರ ಸೇರಬೇಕು. ಅವಳು ಸುದ್ದಿ ಕೇಳಿ, ಹೋಗಿ ಹಿಟ್ಟಿಗೆ ಎಸರಿಟ್ಟಳು. ಆಮೇಲೆ, "ಮುನಿರಾಮ ಬೇಜಾರು ಮಾಡ್ಕೊಂತಾನಾ?" ಅಂತ ನನ್ನನ್ನು ಮೂರು ಸಲ ಕೇಳಿದಳು. ಯಂತ್ರ ಹೇಳಿದ ಮೇಲೆ ಯಾರೇನು ಮಾಡೋಕಾಗುತ್ತಕ್ಕಾ ಅಂದೆ.

ಅಪ್ಪ ಅಮ್ಮನ ಆಶೀರ್ವಾದ. ಅಕ್ಕನ ಮಗಳು ನಿನಗೆ ಸೆಲ್ಯೂಟ್ ಹೊಡೀತಾಳೆ, ಎಡಗೈಯಲ್ಲಿ. ಮೆಣಸಿನಪುಡಿ ಬೇರೆ ಪಾರ್ಸೆಲ್ಲಿನಲ್ಲಿ ಬರುತ್ತೆ.

ಇತಿ ನಿನ್ನ ತಮ್ಮ,
ರಾಮಾಂಜಿನಪ್ಪ

ಮರೆತಿದ್ದೆ: ಆ ಇನ್ನೊಂದು ಸಾಲು ಸೇರಿಸಿ ಅಂತ ಸಾಹೇಬರಿಗೆ ಹೇಳಿದವನು ನಾನೇ. ಹೇಳೋಕೆ ಮುಂಚೆ ನಿಮ್ಮಿಬ್ಬರ ಕಾರ್ಡು ತೆಗೆದು ನೋಡಿದ್ದೆ. ನಿನ್ನ ನಂಬರು ಚಿಕ್ಕದಿದ್ದಿದ್ದರೆ, ಅಂಕ ಹೆಚ್ಚಿದ್ದವರು ಮೊದಲು ಅಂತ ಹೇಳೋಣ ಅಂತಿದ್ದೆ. ಅದರಲ್ಲೂ ಅಕ್ಕನೇ ಮುಂದೆ. ಮಿಕ್ಕ ಏಳು ಮನೆಯ ಕಾರ್ಡು ನಾನು ನೋಡಲೇ ಇಲ್ಲ. ತಕರಾರು ಬರೆಯೋಕೆ ಇಪ್ಪತ್ತನೇ ತಾರೀಖಿನವರೆಗೆ ಅವಕಾಶ ಇದೆ, ವಿಳಾಸ ಹಿಂದುಗಡೆ ಬರೆದಿದ್ದೀನಿ.