ಹದಿನಾಲ್ಕನೆಯ ಮಾಹಿತಿದಾರ

ಚಳ್ಳಕೆರೆ
11 ಫೆಬ್ರುವರಿ 2025, ಮಂಗಳವಾರ

ಪ್ರೀತಿಯ ತ್ರಿವೇಣಿ,

ಕೆಮ್ಮು ಹೇಗಿದೆ? ಭಾನುವಾರ ಫೋನಿನಲ್ಲಿ ನೀನು ಆಡಿದ್ದಕ್ಕಿಂತ ಕೆಮ್ಮಿದ್ದೇ ಹೆಚ್ಚು. ನೀರು ಕಾಯಿಸಿ ಕುಡಿಯಬೇಕೆಂದು ನಿಮ್ಮಮ್ಮ ಬರೆಸುತ್ತಿದ್ದಾಳೆ. ಹಾಸ್ಟೆಲಿನಲ್ಲಿ ಹೀಟರ್ ಇಟ್ಟುಕೊಂಡರೆ ವಾರ್ಡನ್ ಕಿತ್ತುಕೊಳ್ಳುತ್ತಾರೆ ಎಂದೆ. "ಪಿಎಚ್.ಡಿ. ಮಾಡೋರ್ದೂ ಕಿತ್ಕಂತಾರಾ?" ಎಂದಳು. ಅವಳ ಲೆಕ್ಕದಲ್ಲಿ ಅದು ವಾರ್ಡನ್‌ಗಿಂತ ದೊಡ್ಡ ಹುದ್ದೆ. ನಾವೆಲ್ಲ ಚೆನ್ನಾಗಿದ್ದೇವೆ. ಅಜ್ಜಿಯ ಮಂಡಿ ಮಾತ್ರ ಹಾಗೇ ಇದೆ. ನೆಲದ ಮೇಲೆ ಕೂತರೆ ಏಳಿಸಲು ಇಬ್ಬರು ಬೇಕು, ಅದಕ್ಕೇ ನಮ್ಮ ಎಣ್ಣೆ ಮಿಲ್ಲಿನ ಆಫೀಸಿನಿಂದ ಒಂದು ಕುರ್ಚಿ ತಂದು ಅಡುಗೆಮನೆ ಬಾಗಿಲಲ್ಲಿ ಹಾಕಿಕೊಟ್ಟಿದ್ದೇನೆ. ಅಲ್ಲಿಂದಲೇ ಮನೆ ಆಳುತ್ತಾಳೆ.

ನೀನು ಕಳಿಸಿದ ಪ್ರಬಂಧ ಕಳೆದ ಬುಧವಾರ ಬಂತು. "ಕಾಗುಣಿತ ಅಷ್ಟೇ ನೋಡಪ್ಪ, ವಿಷಯಕ್ಕೆ ಕೈ ಹಾಕ್ಬೇಡ" ಎಂದಿದ್ದೆ. ಕೆಂಪು ಪೆನ್ನು ಹಿಡಿದು ಆರು ಮಧ್ಯಾಹ್ನ ಕೂತೆ. ಚಳ್ಳಕೆರೆ, ಮೊಳಕಾಲ್ಮುರು ತಾಲ್ಲೂಕುಗಳಿಂದ ವಿಶ್ವವಿದ್ಯಾಲಯಕ್ಕೆ ಹೋದ ಮೊದಲ ತಲೆಮಾರಿನ ವಿದ್ಯಾರ್ಥಿಗಳ ಅನುಭವಗಳು, ಇನ್ನೂರ ಹನ್ನೆರಡು ಪುಟ, ನಲವತ್ತೊಂದು ತಪ್ಪು. ಇಷ್ಟು ಕಡಿಮೆ ತಪ್ಪು ಮಾಡುವವಳು ನಮ್ಮ ಮನೆಯಲ್ಲಿ ಹೇಗೆ ಹುಟ್ಟಿದಳೋ. ಓದುತ್ತಾ ಕೆಲವು ಕಡೆ ಪೆನ್ನು ಮರೆತೆ. ಪುಸ್ತಕವನ್ನು ಕೋಣೆಗೆ ಒಯ್ಯಬಹುದೆಂದು ಗೊತ್ತಿಲ್ಲದೆ ಇಡೀ ಒಂದು ವರ್ಷ ಲೈಬ್ರರಿಯಲ್ಲೇ ಕೂತು ಪುಟಪುಟವನ್ನೂ ಕೈಯಲ್ಲಿ ಬರೆದುಕೊಂಡ ಮೊಳಕಾಲ್ಮುರಿನ ಹುಡುಗಿ. ಮನೆಯ ಅಂಗಳದಿಂದ ವಿಜ್ಞಾನ ಸಂಸ್ಥೆಯ ಬೇಲಿ ಕಾಣುತ್ತಿದ್ದರೂ ಪ್ರಯೋಗಾಲಯದ ಒಳಗನ್ನು ಮೊದಲು ನೋಡಿದ್ದು ಇನ್ನೂರೈವತ್ತು ಕಿಲೋಮೀಟರ್ ಆಚೆ ಎನ್ನುವ ಕುದಾಪುರದವನು. ಇವರನ್ನೆಲ್ಲ ನೀನು ಹೆಸರು ತೆಗೆದು ಅಂಕಿಗಳಾಗಿ ಮಾಡಿದ್ದೀಯ, ನಿಯಮ ಇರಬಹುದು, ಆದರೆ ಅಂಕಿಗಳ ಹಿಂದೆ ಅವರು ಉಸಿರಾಡುವುದು ಕೇಳಿಸುತ್ತದೆ.

ಎಂಬತ್ತೆಂಟನೆಯ ಪುಟದ ಒಂಬತ್ತನೆಯ ಮಾಹಿತಿದಾರ ಯಾರೆಂದು ಕೂಡಲೇ ತಿಳಿಯಿತು. ಮೊಳಕಾಲ್ಮುರಿನ ಅಂಜಿನೇಯ, ನನ್ನ ರೂಮ್‌ಮೇಟ್, ಈಗ ಅಲ್ಲೇ ಕಾಲೇಜಿನಲ್ಲಿ ಪಾಠ ಮಾಡುತ್ತಾ ಎರಡು ನಿಮಿಷ ತಡವಾಗಿ ಬಂದವರನ್ನು ಹೊರಗೆ ನಿಲ್ಲಿಸುವವನು. "ನಾನು ಎಂ.ಎಸ್ಸಿ.ಯಲ್ಲಿ ಒಂದು ದಿನವೂ ತರಗತಿ ತಪ್ಪಿಸಲಿಲ್ಲ" ಎಂದು ಅವನು ಹೇಳಿದ್ದನ್ನು ನೀನು 'ಬದ್ಧತೆ' ಎಂಬ ಉಪಶೀರ್ಷಿಕೆಯ ಕೆಳಗೆ ಹಾಕಿದ್ದೀಯ. ಅವನು ಹೇಳಿದ್ದು ನಿಜ. ತಪ್ಪಿಸುವಂತಿರಲಿಲ್ಲ, ಪಾಪ. ಅವನು ಇಬ್ಬರ ಹಾಜರಿ ಹಾಕಬೇಕಾಗಿತ್ತು. ಎರಡನೆಯವನು ನಾನು.

ನೂರ ಅರವತ್ಮೂರನೆಯ ಪುಟಕ್ಕೆ ಬರುತ್ತೇನೆ. ಮಾಹಿತಿದಾರ 14, ಗಂಡು, ಐವತ್ತೆರಡು ವರ್ಷ, ಎಣ್ಣೆ ವ್ಯಾಪಾರ: ಮೊದಲ ವರ್ಷದ ಕೊನೆಯಲ್ಲಿ ತಂದೆ ವ್ಯಾಪಾರಕ್ಕಾಗಿ ವಾಪಸು ಕರೆಸಿಕೊಂಡಿದ್ದರಿಂದ ಓದು ನಿಂತಿತು. ಅದರ ಮೇಲೆ ನಾಲ್ಕು ಪುಟದ ವಿಶ್ಲೇಷಣೆ. ಅದಕ್ಕೂ ಹಿಂದೆ, ಎಲ್ಲಕ್ಕಿಂತ ಮೊದಲಿನ ಹಾಳೆಯಲ್ಲಿ, ಅರ್ಪಣೆ: 'ಓದಲು ಬಿಡದೆ ಮನೆಗೆ ಕರೆಸಲ್ಪಟ್ಟ ನನ್ನ ಅಪ್ಪನಿಗೆ, ಅವನ ಪರವಾಗಿ.' ಅದನ್ನು ಮೂರು ಸಲ ಓದಿದೆ. ಯಾರೂ ನನಗೆ ಇದಕ್ಕಿಂತ ದೊಡ್ಡದನ್ನು ಕೊಟ್ಟಿಲ್ಲ. ಆದರೆ ಅದು ಅಚ್ಚಾಗಬಾರದು. ಅದರಲ್ಲಿ ಕಾಗುಣಿತದ ತಪ್ಪಿಲ್ಲ, ಆದರೆ ಅದು ಸುಳ್ಳು. ಸುಳ್ಳು ನಿನ್ನದಲ್ಲ, ನನ್ನದು. ಫೋನಿನಲ್ಲಿ ಹೇಳಲು ಎರಡು ಸಲ ನೋಡಿದೆ. ನೀನು "ಹ್ಞಾಂ, ಹೇಳಪ್ಪ" ಎಂದ ಕೂಡಲೇ ಶೇಂಗಾ ದರದ ಬಗ್ಗೆ ಮಾತಾಡಿಬಿಟ್ಟೆ.

ನೀನು ರೆಕಾರ್ಡರ್ ಇಟ್ಟ ದಿನ ನೆನಪಿದೆಯಾ? ಅಜ್ಜಿ ಅಲ್ಲೇ ಮೊರ ಇಟ್ಟುಕೊಂಡು ಶೇಂಗಾ ಬಿಡಿಸುತ್ತಿದ್ದಳು. ಯಾಕೆ ಬಿಟ್ಟೆ ಎಂದು ನೀನು ಕೇಳಿದೆ. ನಾನು ಬಾಯಿ ತೆರೆಯುವ ಮೊದಲೇ ಅವಳು, "ಅವ್ನೇನು ಹೇಳ್ತಾನೆ, ನಾನು ಹೇಳ್ತೀನಿ ಬರ್ಕಾ. ನಿಮ್ಮಜ್ಜ ಇದ್ರಲ್ಲ ಪುಣ್ಯಾತ್ಮರು, ಸರಸ್ವತೀನ ಗಾಣಕ್ಕೆ ಕಟ್ಟಿದ್ರು" ಎಂದಳು. ನೀನು ನಕ್ಕೆ. ಹೌದಾ ಅಪ್ಪ ಎಂದೆ. ನಾನು ಹೌದು ಎಂದೆ. ಮೂವತ್ತು ವರ್ಷದಿಂದ ಆ ಪ್ರಶ್ನೆಗೆ ನನ್ನ ಬಾಯಿಯಲ್ಲಿ ಬೇರೆ ಉತ್ತರವೇ ಇರಲಿಲ್ಲ.

ನಡೆದದ್ದು ಹೀಗೆ. ಈಗ ನೀನಿರುವ ವಿಶ್ವವಿದ್ಯಾಲಯದಲ್ಲೇ, ಎಂ.ಎಸ್ಸಿ. ಗಣಿತದ ತರಗತಿಯಲ್ಲಿ ನಾವು ತೊಂಬತ್ತೆರಡು ಜನ. ಹೆಸರು ಕೂಗುತ್ತಿರಲಿಲ್ಲ, ಒಂದು ಹಾಳೆ ಬೆಂಚಿನಿಂದ ಬೆಂಚಿಗೆ ಬರುತ್ತಿತ್ತು, ಸಹಿ ಹಾಕಿ ಮುಂದೆ ಕೊಡುವುದು. ದಸರಾ ರಜೆಗೆ ಬಂದವನು ಜ್ವರ ಬಂದು ಹನ್ನೆರಡು ದಿನ ತಡವಾಗಿ ವಾಪಸು ಹೋದೆ. ಹೋಗಿ ನೋಡಿದರೆ ನಾನು ಎಲ್ಲ ದಿನವೂ ಹಾಜರಿದ್ದೆ. "ಏಮಪ್ಪಾ, ನೀ ಇಲ್ದಿದ್ರೂ ನಿನ್ನ ಓದು ನಡೀತೈತೆ" ಎಂದು ಅಂಜಿನೇಯ ನಕ್ಕ. ಅವನು ಮಾಡಿದ್ದು ಸ್ನೇಹಕ್ಕೆ, ಅವನ ಮೇಲೆ ನನಗೆ ಯಾವ ದೂರೂ ಇಲ್ಲ. ನನ್ನನ್ನು ಹಿಡಿದದ್ದು ಬೇರೆ. ಎಲ್ಲಿದ್ದೆ ಎಂದು ಯಾರೂ ಕೇಳಲಿಲ್ಲ. ಇಲ್ಲಿ ಎರಡು ದಿನ ಸಂತೆಬೀದಿಯಲ್ಲಿ ಕಾಣಿಸದಿದ್ದರೆ ಮೂರು ಜನ ಮನೆಗೇ ಬಂದು ವಿಚಾರಿಸುತ್ತಾರೆ. ಅಲ್ಲಿ ಯಾರೂ ಕೆಟ್ಟವರಲ್ಲ, ಮೇಷ್ಟ್ರು ಒಳ್ಳೆಯವರು, ಊಟವೂ ಪರವಾಗಿಲ್ಲ. ಆದರೆ ನಾನು ಕೂತ ಜಾಗಕ್ಕೂ ಕೂರದ ಜಾಗಕ್ಕೂ ವ್ಯತ್ಯಾಸವಿರಲಿಲ್ಲ. ಒಂದು ದಿನ ಹೋಗದೆ ನೋಡೋಣ ಎಂದುಕೊಂಡೆ. ಆಮೇಲೆ ಒಂದು ವಾರ. ಬೆಳಿಗ್ಗೆ ಪುಸ್ತಕ ಹಿಡಿದು ಹೊರಟು ರೈಲ್ವೆ ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಸಂಜೆ ಬರುತ್ತಿದ್ದೆ. ದುಃಖವಿತ್ತು ಎಂದು ಹೇಳಲಾರೆ. ಕುತೂಹಲವಿತ್ತು. ಯಾರಾದರೂ ಯಾವತ್ತಾದರೂ ಕೇಳುತ್ತಾರೆ ಎಂಬ ಕುತೂಹಲ. ಅದು ನಿಧಾನವಾಗಿ ಬೇರೇನೋ ಆಯಿತು. ಅದಕ್ಕೆ ನಿನ್ನ ಶಾಸ್ತ್ರದಲ್ಲಿ ಹೆಸರಿರಬಹುದು, ನನ್ನ ಹತ್ತಿರ ಇಲ್ಲ.

ಕೇಳಲು ಬಂದವರು ನಿನ್ನ ಅಜ್ಜ. ತೊಂಬತ್ತೈದರ ಸಂಕ್ರಾಂತಿಯ ಮರುವಾರ ನಾನು ಸ್ಟೇಷನ್ನಿನಿಂದ ಹಾಸ್ಟೆಲಿಗೆ ಬಂದಾಗ ವಾಚ್‌ಮನ್ ಉಗ್ರಪ್ಪ ಒಂದು ಗಂಟು ಕೊಟ್ಟ. ಮಿಲ್ಲಿನ ಮುದ್ರೆಯ ಬಟ್ಟೆ, ಒಳಗೆ ಶೇಂಗಾ ಚಟ್ನಿಪುಡಿ, ಎಳ್ಳುಂಡೆ, ತಲೆಗೆಂದು ಸಣ್ಣ ಡಬ್ಬಿಯಲ್ಲಿ ಕೊಬ್ಬರಿ ಎಣ್ಣೆ. ಉಗ್ರಪ್ಪ ಹಿರಿಯೂರು ಕಡೆಯವನು. ಅಜ್ಜ ಅವನ ಹತ್ತಿರ ಕೂತು ಎಲ್ಲ ಹೇಳಿ ಹೋಗಿದ್ದರು. "ನಿಮ್ಮಪ್ಪೋರು ಬೆಳಿಗ್ಗೆಯಿಂದ ನಿಮ್ಮ ಕ್ಲಾಸಿನ ಮುಂದೆ ಮರದ ಕೆಳಗೆ ಕೂತಿದ್ರಂತೆ ಕಣ್ರೀ. ಬಿಟ್ಟ ಮ್ಯಾಲೆ ಒಬ್ಬೊಬ್ರನ್ನೇ ಮುಖ ನೋಡಿದ್ರಂತೆ. ನೀವು ಬರ್ಲಿಲ್ಲ. ಆಫೀಸಿನಾಗೆ ಕೇಳಿದ್ರೆ, ಬಂದವ್ನೆ, ಸಹಿ ಐತೆ ನೋಡ್ರಿ ಅಂತ ಹಾಳೆ ತೋರ್ಸಿದ್ರಂತೆ." ನನಗೆ ಸಹಿ ಹಾಕುವುದನ್ನು ಕಲಿಸಿದವರೇ ಅಜ್ಜ. ಹಾಳೆಯ ಮೇಲಿನದು ನನ್ನದಲ್ಲ ಎಂದು ಅವರಿಗೆ ಒಂದೇ ನೋಟಕ್ಕೆ ತಿಳಿದಿರಬೇಕು. "ಅವರೇನಂದ್ರು?" ಎಂದೆ. "ಹೌದು, ನನ್ನ ಮಗಂದೇ ಅಂದು ಎದ್ದು ಬಂದ್ರಂತೆ" ಎಂದ ಉಗ್ರಪ್ಪ.

ಆ ದಿನವೇ ಬಸ್ಸು ಹತ್ತಿ ಮನೆಗೆ ಬಂದಿದ್ದರೆ ನಾನು ಬೇರೆ ಮನುಷ್ಯನಾಗುತ್ತಿದ್ದೆ. ಬರಲಿಲ್ಲ. ಏಪ್ರಿಲ್‌ನಲ್ಲಿ ಪರೀಕ್ಷೆಗೆ ಹೋದೆ, ಹಾಜರಿ ಶೇಕಡಾ ತೊಂಬತ್ತಾರು ಇತ್ತು, ಯಾರೂ ತಡೆಯಲಿಲ್ಲ. ನೋಂದಣಿ ಸಂಖ್ಯೆ ಬರೆದು ಖಾಲಿ ಉತ್ತರಪತ್ರಿಕೆ ಕೊಟ್ಟೆ. ಟ್ರಂಕು ಹೊತ್ತುಕೊಂಡು ಮಿಲ್ಲಿನ ಅಂಗಳಕ್ಕೆ ಬಂದಾಗ ತೂಕ ನಡೆಯುತ್ತಿತ್ತು. ದೊಡ್ಡಉಳ್ಳಾರ್ತಿಯ ದೊಡ್ಡೀರಪ್ಪ ಚೀಲ ಇಳಿಸುತ್ತಾ, "ಏನ್ ತಮ್ಮಾ, ರಜಾನಾ? ಟ್ರಂಕು ಸಮೇತ ಬಂದೀಯ" ಎಂದ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿಕೊಂಡೇ ಬಂದಿದ್ದೆ, ಅಷ್ಟು ಜನರ ಮುಂದೆ ಟ್ರಂಕನ್ನು ಕೆಳಗಿಳಿಸಿದೆ. ಅಜ್ಜ ತಕ್ಕಡಿಯಿಂದ ಕಣ್ಣೆತ್ತದೆ, "ರಜಾ ಅಲ್ಲಪ್ಪ, ನಾನೇ ಕರೆಸ್ಕಂಡೆ. ಮಿಲ್ಲು ನೋಡ್ಕಳಾಕೆ ಒಬ್ರು ಬ್ಯಾಡ್ವಾ. ಓದಿದ್ದು ಸಾಕು" ಎಂದರು. ಆಮೇಲೆ ತೂಕದ ಕಲ್ಲು ಬದಲಾಯಿಸಿ ಮುಂದಿನ ಚೀಲ ಹಾಕು ಎಂದರು. ಒಂದು ಚೀಲ ತೂಗುವಷ್ಟರಲ್ಲಿ ನನ್ನ ಕಥೆ ಮುಗಿದಿತ್ತು.

ಅಂದು ರಾತ್ರಿಯ ಊಟಕ್ಕೇ ಅಜ್ಜಿ ಶುರು ಮಾಡಿದಳು. ಫಲಿತಾಂಶ ಪೇಪರಿನಲ್ಲಿ ಬಂದ ದಿನ, ಯಾರದೋ ಮಗ ಲೆಕ್ಚರರ್ ಆದ ದಿನ, ಅಂಜಿನೇಯ ಸ್ಕೂಟರಿನಲ್ಲಿ ಮನೆಗೆ ಬಂದ ದಿನ, ಪ್ರತಿಸಲವೂ, "ನನ್ನ ಮಗನ ಓದು ಮುರಿದ್ರಲ್ಲ, ತಣ್ಣಗಿರ್ರಿ" ಎನ್ನುವಳು. ಅಜ್ಜ, "ಹೂಂ ಕಣೇ, ಮುರಿದೆ. ಈಗ ಮುದ್ದೆ ಹಾಕು" ಎನ್ನುವರು. ನಾನು ಪಕ್ಕದ ತಟ್ಟೆಯಲ್ಲಿ ಉಣ್ಣುತ್ತಿದ್ದೆ. ಆರು ವರ್ಷದ ಹಿಂದೆ ಅಜ್ಜ ಹೋದ ಮೇಲೂ ಅವಳು ಫೋಟೋಕ್ಕೆ ಹೂವಿಡುತ್ತಾ ಅದನ್ನೇ ಅನ್ನುತ್ತಾಳೆ. ಉತ್ತರ ಹೇಳುವವರಿಲ್ಲ ಅಷ್ಟೇ. ಅಜ್ಜನೂ ನಾನೂ ಇಪ್ಪತ್ನಾಲ್ಕು ವರ್ಷ ಒಂದೇ ಆಫೀಸಿನಲ್ಲಿ ಎದುರುಬದುರು ಕೂತೆವು. ಒಂದು ಸಲವೂ ಆ ಮರದ ಮಾತು ಬರಲಿಲ್ಲ. ಅವರು ಕಾಯುತ್ತಿದ್ದರೋ ಮರೆತಿದ್ದರೋ ನನಗೆ ತಿಳಿಯಲಿಲ್ಲ. ಮರೆಯುವವರಲ್ಲ.

ನೀನು ಸೇರಿದ ಮೊದಲ ವರ್ಷ ಒಮ್ಮೆ ಫೋನಿನಲ್ಲಿ, "ಇಲ್ಲಿ ನಾನು ಬಂದ್ರೂ ಬರ್ದಿದ್ರೂ ಯಾರಿಗೂ ಗೊತ್ತಾಗಲ್ಲಪ್ಪ" ಎಂದೆ. ತಮಾಷೆಗೆ ಅಂದಿರಬಹುದು. ಮರುದಿನ ನಾನು ನಿನ್ನ ವಿಭಾಗದ ಮುಂದಿದ್ದೆ. ಹತ್ತಿರದಲ್ಲಿ ಯಾರದೋ ಮದುವೆಯಿತ್ತು ಎಂದು ಹೇಳಿದೆ. ಯಾವ ಮದುವೆಯೂ ಇರಲಿಲ್ಲ. ಹೊರಗೆ ನಿಂತು ಬಾಗಿಲಿಂದ ಬರುವವರ ಮುಖ ನೋಡುತ್ತಿದ್ದೆ. ಏಳನೆಯವಳಾಗಿ ನೀನು ಬಂದೆ. "ಅಯ್ಯೋ ಅಪ್ಪಾ, ಎಲ್ರ ಮುಂದೆ ಗಂಟು ಹಿಡ್ಕಂಡು ನಿಂತಿದೀಯಲ್ಲ" ಎಂದು ನಾಚಿಕೊಂಡೆ. ನಾನು ಗಂಟನ್ನು ನಿನ್ನ ಕೈಗೆ ಕೊಟ್ಟೆ. ಅಜ್ಜನಂತೆ ಎಲ್ಲರ ಮುಖ ನೋಡದೆ ಏಳರಲ್ಲೇ ಹುಡುಕಾಟ ಮುಗಿದದ್ದು ನನಗೆ ಸಾಕಾಗಿತ್ತು.

ಈಗ ನಿನ್ನ ಕೆಲಸಕ್ಕೆ ಬರುತ್ತೇನೆ. ಇಪ್ಪತ್ತೆಂಟು ಕೊನೆಯ ದಿನ, ಮತ್ತೆ ಅವಧಿ ಕೊಡುವುದಿಲ್ಲ ಎಂದು ನಿನ್ನ ಗೈಡ್ ಹೇಳಿರುವುದು ಗೊತ್ತು. ಹದಿನಾಲ್ಕನ್ನು ತೆಗೆದರೆ ಆ ನಾಲ್ಕು ಪುಟ ಬೀಳುತ್ತವೆ, ಅಧ್ಯಾಯದ ತೀರ್ಮಾನವೂ ಅಲುಗಾಡುತ್ತದೆ. ಐದನೆಯ ಅಧ್ಯಾಯದ ಪಟ್ಟಿಯಲ್ಲಿ 'ಕುಟುಂಬದ ಒತ್ತಾಯ' ಎಂಬಲ್ಲಿ ಹನ್ನೊಂದು ಇದೆ, ಅದು ಹತ್ತಾಗಲಿ. ಕೊನೆಯಲ್ಲಿ 'ಇತರೆ' ಎಂದಿದೆ, ಅದರ ಮುಂದೆ ಸೊನ್ನೆ ಇದೆ. ಅಲ್ಲಿ ಒಂದು ಎಂದು ಬರಿ. ಹದಿನೇಳು ದಿನದಲ್ಲಿ ಇದು ಎಷ್ಟು ಕಷ್ಟ ಎಂದು ಅಳೆಯುವಷ್ಟು ಓದು ನನಗಿಲ್ಲ. ಆದರೂ ಕೇಳುತ್ತಿದ್ದೇನೆ. ಪ್ರಬಂಧದಲ್ಲಿ ಅಜ್ಜನ ಹೆಸರಿಲ್ಲ, ಅಂಕಿ ಮಾತ್ರ ಇದೆ, ಯಾರಿಗೂ ತಿಳಿಯುವುದಿಲ್ಲ ಎಂದು ನನಗೆ ನಾನೇ ಎರಡು ದಿನ ಹೇಳಿಕೊಂಡೆ. ಯಾರಿಗೂ ತಿಳಿಯುವುದಿಲ್ಲ ಎಂಬ ಧೈರ್ಯದಲ್ಲೇ ಐದಾರು ತಿಂಗಳು ಸ್ಟೇಷನ್ನಿನಲ್ಲಿ ಕೂತವನು ನಾನು. ಅದು ಸಾಕು.

ಅರ್ಪಣೆಯ ಹಾಳೆಯನ್ನು ನಾನು ತಿದ್ದಿಲ್ಲ. ಅದರ ಮೇಲೆ ಕೆಂಪು ಪೆನ್ನು ಹಿಡಿಯಲು ಕೈ ಬರಲಿಲ್ಲ. ನಿನಗೆ ತೋಚಿದ್ದನ್ನು ಮಾಡು. ನಿನ್ನ ಕಣ್ಣಿನಲ್ಲಿ ಅಪ್ಪ ಸ್ವಲ್ಪ ಗಿಡ್ಡವಾದರೆ ಆಗಲಿ, ಅಜ್ಜ ತಮ್ಮ ಎತ್ತರಕ್ಕೆ ಬರಲಿ. ಚಟ್ನಿಪುಡಿ ಕಳಿಸಿದ್ದೇನೆ, ರೂಮಿನವರಿಗೂ ಕೊಡು. ನಿನ್ನ ಕೆಮ್ಮು ಹೋಗಲಿ, ಗೈಡ್‌ಗೆ ತಾಳ್ಮೆ ಬರಲಿ, ನಿದ್ದೆ ಚೆನ್ನಾಗಿ ಆಗಲಿ. ನನಗೆ ಗೊತ್ತಿರುವ ಆಶೀರ್ವಾದ ಇಷ್ಟೇ. ನಿಮ್ಮಮ್ಮನದು ಇದಕ್ಕಿಂತ ಉದ್ದ, ಅವಳೇ ಫೋನ್ ಮಾಡುತ್ತಾಳೆ.

ನಿನ್ನ ಅಪ್ಪ,
ಓಂಕಾರಮೂರ್ತಿ

ಇನ್ನೊಂದು ಮಾತು: ಅಂಟಿಸಿದ ಕವರನ್ನು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ, ಕೊರಿಯರ್‌ನವನು ಐದಕ್ಕೆ ಬಾಗಿಲು ಹಾಕುತ್ತಾನೆ. ಊಟವಾದ ಮೇಲೆ ಅಜ್ಜಿಗೆ ಎಲ್ಲ ಹೇಳಿದೆ. ನಿನಗಿಂತ ಮೊದಲು ಅವಳಿಗೆ ಹೇಳಬೇಕಿತ್ತು. ಅಳುತ್ತಾಳೆ ಅಥವಾ ಬೈಯುತ್ತಾಳೆ ಎಂದುಕೊಂಡಿದ್ದೆ. ಎರಡೂ ಇಲ್ಲ. ಮೊರದಲ್ಲಿದ್ದ ಶೇಂಗಾ ಪೂರ್ತಿ ಬಿಡಿಸಿ ಮುಗಿಸಿದಳು. ಆಮೇಲೆ, "ಕೂತ್ಕಳಾಕೆ ಅಲ್ಲಿ ಕಲ್ಲಿತ್ತೇನೋ, ನೆಲದ ಮ್ಯಾಲೇ ಕೂತಿದ್ರಾ?" ಎಂದಳು. ಗೊತ್ತಿಲ್ಲ ಅವ್ವಾ ಎಂದೆ. ಇಪ್ಪತ್ತೆಂಟಕ್ಕೆ ನೀನು ಪ್ರಬಂಧ ಕೊಡುವ ದಿನ ತಾನೂ ಬರುತ್ತಾಳಂತೆ. ಒಳಗೆ ಬರುವುದಿಲ್ಲವಂತೆ, ಆ ಮರದ ಹತ್ತಿರ ಬಿಟ್ಟರೆ ಸಾಕಂತೆ. ಈ ಕಾಗದ ಸಿಕ್ಕ ಕೂಡಲೇ ಹಳೆಯ ಗಣಿತ ವಿಭಾಗದ ಮುಂದೆ ಹೋಗಿ ನೋಡು, ಮರ ಇದೆಯಾ, ಅದರ ಕೆಳಗೆ ಕಲ್ಲೋ ಬೆಂಚೋ ಏನಾದರೂ ಇದೆಯಾ. ಇಲ್ಲದಿದ್ದರೆ ತಿಳಿಸು, ಮಡಚುವ ಕುರ್ಚಿ ತರುತ್ತೇನೆ. ಆದರೆ ಅವಳು ಅದರಲ್ಲಿ ಕೂರುತ್ತಾಳೆ ಎಂದು ನನಗೆ ಅನ್ನಿಸುವುದಿಲ್ಲ. ನೆಲದಿಂದ ಏಳಿಸಲು ನಾವಿಬ್ಬರು ಇರುತ್ತೇವಲ್ಲ.