ಅರಬ್ಬಿಯಲ್ಲಿ ಹೇಳು

ನಜರೇತ್
೨೬ ಮೇ ೨೦೨೪

ಪ್ರೀತಿಯ ಓಸ್ನತ್‌ಗೆ,

ಇಬ್ತಿಹಾಜ್ ಮಾಡುವ ಸಲಾಮು. ನಿನ್ನ ತಾಯಿಯ ಮಂಡಿ ಹೇಗಿದೆ? ಶಸ್ತ್ರಚಿಕಿತ್ಸೆ ಆದಮೇಲೆ ಕೋಲಿಲ್ಲದೆ ನಡೆಯುತ್ತಿದ್ದಾರಾ? ಬಂದು ನೋಡಬೇಕಿತ್ತು, ಬರಲಿಲ್ಲ. ನೀನು ಮತ್ತೆ ಮತ್ತೆ ಫೋನಿಗೆ ಕಳಿಸಿದ ಹೃದಯದ ಚಿತ್ರಗಳಿಗೂ ಉತ್ತರ ಕೊಡಲಿಲ್ಲ. ತಡವಾಗಿದ್ದಕ್ಕೆ ಕ್ಷಮೆ ಇರಲಿ. ಅದೊಂದಕ್ಕೆ ಮಾತ್ರ ಕ್ಷಮೆ. ಬೇರೆ ಯಾವುದಕ್ಕೂ ಕೇಳುವುದಿಲ್ಲ ಎಂದು ಹೇಳುವುದಕ್ಕೇ ಈ ಕಾಗದ.

'ಪ್ರೀತಿಯ' ಎಂದು ಬರೆಯಲೋ ಬೇಡವೋ ಎಂದು ಪೆನ್ನು ಹಿಡಿದು ಬಹಳ ಹೊತ್ತು ಕೂತಿದ್ದೆ. ಕೊನೆಗೆ ಬರೆದೆ. ಸುಳ್ಳಲ್ಲ ಅದು. ಮುಂದಿನದನ್ನು ಓದುವಾಗ ಆ ಒಂದು ಪದ ಗಟ್ಟಿಯಾಗಿ ಹಿಡಿದುಕೊಂಡಿರು.

ಅರಬ್ಬಿಯಲ್ಲಿ ಬರೆಯುತ್ತಿದ್ದೇನೆ, ನೋಡಿದೆಯಲ್ಲ. ಹನ್ನೊಂದು ವರ್ಷ ಒಂದೇ ತರಗತಿಯಲ್ಲಿ, ಒಂದೇ ಮೇಜಿನ ಆಚೆ ಈಚೆ ಕೂತು ಇಬ್ಬರೂ ಪಾಠ ಮಾಡಿದೆವು. ಎರಡು ಭಾಷೆಯ ಶಾಲೆ ಎಂದು ಗೇಟಿನ ಮೇಲೆ ಎರಡು ಲಿಪಿಯಲ್ಲಿ ಬರೆದಿದೆ. ಆದರೂ ನನ್ನ ಹೀಬ್ರೂ ನಿನ್ನ ಹೀಬ್ರೂನಷ್ಟೇ ಸಲೀಸಾಯಿತು, ನಿನ್ನ ಅರಬ್ಬಿ ಮಾತ್ರ 'ಶುಭೋದಯ', 'ಕಾಫಿ ಚೆನ್ನಾಗಿದೆ' ಎಂಬಲ್ಲಿಗೆ ನಿಂತಿತು. "ನಿಧಾನ ಮಾತಾಡೇ" ಎಂದು ನೀನು ಅನ್ನುತ್ತಿದ್ದೆ. ಆಮೇಲೆ "ಹೀಬ್ರೂನಲ್ಲೇ ಹೇಳಿಬಿಡು, ಬೇಗ ಮುಗಿಯುತ್ತೆ" ಅನ್ನತೊಡಗಿದೆ. ನಾನೂ ಹೇಳಿಬಿಡುತ್ತಿದ್ದೆ. ಸಿಟ್ಟನ್ನು ಮಾತ್ರ ಹೀಬ್ರೂನಲ್ಲಿ ಬರೆಯಲು ಹೋದರೆ ಅದು ಅರ್ಜಿಯ ಹಾಗೆ ಕಾಣುತ್ತದೆ. ನಿನ್ನ ಮಗ ನಾದವ್‌ನ ಕೈಲಿ ಓದಿಸಿಕೋ. ಅವನಿಗೆ ಚೆನ್ನಾಗಿ ಬರುತ್ತದೆ. ನಾನೇ ಕಲಿಸಿದ್ದು.

ಶಾಲೆಯಲ್ಲಿ ಗಲಾಟೆಯಾದ ದಿನ ನೀನು ತಾಯಿಯ ಜೊತೆ ಆಸ್ಪತ್ರೆಯಲ್ಲಿದ್ದೆ. ದಫ್ನಾ ಒಂದು ಥರ ಹೇಳಿದ್ದಾಳೆ, ನಾದವ್ ಒಂದು ಥರ ಹೇಳಿರುತ್ತಾನೆ. ಈಗ ನಾನು ಹೇಳುವುದನ್ನು ಕೇಳು.

ಗುರುವಾರ ಬಿಡುವಿನ ಹೊತ್ತಿನಲ್ಲಿ ದಫ್ನಾ ಕಾರಿಡಾರಿನಲ್ಲಿ ನನ್ನ ತೋಳು ಹಿಡಿದಳು. ಮುಖ್ಯೋಪಾಧ್ಯಾಯಿನಿ ಆದಮೇಲೆ ಅವಳು ಎಲ್ಲರ ತೋಳು ಹಿಡಿದೇ ಮಾತಾಡುವುದು.

"ಆರನೇ ಕ್ಲಾಸಿಗೆ ಇವತ್ತು ಒಂದು ಸರ್‌ಪ್ರೈಸ್! ನಾದವ್ ಸೈನ್ಯದಿಂದ ರಜೆ ಮೇಲೆ ಬರ್ತಿದಾನೆ. ನಿಮ್ಮ ಸಂವಾದದ ವೃತ್ತದಲ್ಲಿ ಕೂರ್ತಾನೆ. ಆ ಬಟ್ಟೆಯೊಳಗೂ ಒಬ್ಬ ಮನುಷ್ಯ ಇರ್ತಾನೆ ಅಂತ ಮಕ್ಕಳಿಗೆ ಗೊತ್ತಾಗ್ಲಿ."

"ಬರ್ಲಿ, ಸಂತೋಷ. ಜೀನ್ಸ್ ಹಾಕ್ಕೊಂಡು ಬರೋಕೆ ಹೇಳು."

"ಬಸ್ಸಿಂದ ನೇರ ಬರ್ತಿದಾನಮ್ಮ. ಅದನ್ನೇ ಒಂದು ದೊಡ್ಡ ವಿಷಯ ಮಾಡ್ಬೇಡ."

ದೊಡ್ಡ ವಿಷಯ! ಶಾಲೆಯೊಳಗೆ ಸೈನ್ಯದ ಸಮವಸ್ತ್ರ ಬೇಡ ಎಂಬ ನಿಯಮಕ್ಕೆ ಎರಡೂ ಕಡೆಯ ಅಪ್ಪ ಅಮ್ಮಂದಿರು ಒಂದು ವರ್ಷ ಇಡೀ ಕಚ್ಚಾಡಿದ್ದು ನೆನಪಿದೆಯಾ? ಕಡೆಗೆ ಎಲ್ಲರೂ ಕೈ ಎತ್ತಿ ಒಪ್ಪಿದ ದಿನ ನಾನೂ ನೀನೂ ಕಾರಿನಲ್ಲಿ ಕೂತು ಅತ್ತಿದ್ದೆವು, ಖುಷಿಗೆ. ಆ ನಿಯಮವನ್ನು ದಫ್ನಾ ಬಸ್ಸಿನ ವೇಳೆಗೆ ಮಾರಿದಳು.

ಬಂದ. ಬಂದೂಕನ್ನು ಗೇಟಿನ ಕಾವಲುಗಾರನ ಬಳಿ ಇಟ್ಟು ಬಂದಿದ್ದ, ಅಷ್ಟರಮಟ್ಟಿಗೆ ಮರ್ಯಾದೆ. ಬೂಟಿನ ತುಂಬ ಧೂಳು. "ಚಿಕ್ಕಮ್ಮಾ!" ಎಂದು ಮೊದಲಿನ ಹಾಗೆಯೇ ಅಪ್ಪಿಕೊಂಡ. ನಾನೂ ಅಪ್ಪಿಕೊಂಡೆ, ಓಸ್ನತ್. ನನ್ನ ಕೈ ಆ ಹಸಿರು ಬಟ್ಟೆಯ ಮೇಲಿತ್ತು, ಮಕ್ಕಳೆಲ್ಲ ನೋಡುತ್ತಿದ್ದರು. ಜುಮಾನ ನನ್ನ ಕೈಯನ್ನೇ ನೋಡುತ್ತಿದ್ದಳು.

ಕುರ್ಚಿಗಳನ್ನು ವೃತ್ತವಾಗಿ ಹಾಕಿದೆವು. ನಮ್ಮ ಕಟ್ಟಳೆ ನಿನಗೆ ಗೊತ್ತೇ ಇದೆ: ನಿನ್ನ ಬಗ್ಗೆ ಮಾತ್ರ ಹೇಳು, ಇನ್ನೊಬ್ಬರ ಮಾತು ಕಡಿಯಬೇಡ. ನಾದವ್ ಅರಬ್ಬಿಯಲ್ಲೇ ಶುರುಮಾಡಿದ. ಏನು ಅರಬ್ಬಿ! ನಮ್ಮ ಅಜ್ಜಿಯ ರಾಗ, ನಮ್ಮೂರಿನವರು ಮಾತಿನ ಕೊನೆ ಎಳೆಯುವ ಪರಿ, ಎಲ್ಲ ಇತ್ತು. ನಿಮ್ಮ ಮನೆಯಲ್ಲಿ ಯಾರೂ ಇಲ್ಲದ ಮಧ್ಯಾಹ್ನಗಳಲ್ಲಿ ನನ್ನ ಅಡುಗೆಮನೆಯಲ್ಲಿ ಕೂತು, ದ್ರಾಕ್ಷಿ ಎಲೆಯಲ್ಲಿ ಅನ್ನ ಸುತ್ತುತ್ತಾ ಕಲಿತದ್ದು ಅದು. ಒಂದು ಕ್ಷಣ ನನಗೆ ಹೆಮ್ಮೆಯೇ ಆಯಿತು.

ಆಗ ಜುಮಾನ ಕೈ ಎತ್ತಿದಳು.

"ಅಲ್ಲಿ ಅರಬ್ಬೀಲಿ ಯಾರ ಹತ್ರ ಮಾತಾಡ್ತೀಯ?"

"ಚೆಕ್‌ಪೋಸ್ಟಿಗೆ ಬರೋ ಜನರ ಹತ್ರ. ನಮ್ಮ ಬೇರೆ ಹುಡುಗ್ರಿಗೆ 'ನಿಲ್ಲು', 'ಹಿಂದೆ ಹೋಗು' ಅಷ್ಟೇ ಬರೋದು. ಅದಕ್ಕೇ ನನ್ನ ಮುಂದೆ ನಿಲ್ಲಿಸ್ತಾರೆ. ನಾನು ಮರ್ಯಾದೆಯಾಗಿ ಮಾತಾಡ್ತೀನಿ."

"ಮರ್ಯಾದೆಯಾಗಿ ಅಂದ್ರೆ ಏನಂತೀಯ?"

"'ಅಮ್ಮಾ, ಇವತ್ತು ದಾರಿ ಮುಚ್ಚಿದೆ, ದಯವಿಟ್ಟು ಮನೆಗೆ ಹೋಗಿ' ಅಂತೀನಿ."

"ಆಸ್ಪತ್ರೆಗೆ ಹೋಗ್ಬೇಕು ಅಂದ್ರೆ?"

ನಾದವ್ ನನ್ನ ಕಡೆ ನೋಡಿದ. ಚಿಕ್ಕವನಿದ್ದಾಗ ಪದ ಮರೆತರೆ ನೋಡುತ್ತಿದ್ದನಲ್ಲ, ಹಾಗೇ. ನಾನು ಪದ ಕೊಡಲಿಲ್ಲ. ಅವನು ಹೀಬ್ರೂಗೆ ತಿರುಗಿದ. "ನನಗೆ ಮೇಲಿನವರ ಆರ್ಡರ್ ಇರುತ್ತೆ."

"ಅರಬ್ಬೀಲಿ ಹೇಳು," ಅಂದಳು ಜುಮಾನ.

ಅವನು ಹೇಳಲಿಲ್ಲ. ಬರದೇ ಅಲ್ಲ. ನನ್ನ ಅಜ್ಜಿಯ ರಾಗದಲ್ಲಿ ಆ ಮಾತು ಹೊರಡಲಿಲ್ಲ ಅವನ ಬಾಯಿಂದ.

"ಗಾಜಾದಲ್ಲಿ ನಮ್ಮತ್ತೆಗೂ ಸೈನ್ಯದಿಂದ ಯಾರೋ ಅರಬ್ಬೀಲೇ ಫೋನ್ ಮಾಡಿದ್ರು," ಅಂದಳು ಜುಮಾನ. "ಮರ್ಯಾದೆಯಾಗೇ ಮಾತಾಡಿದ್ರಂತೆ. ಮನೆ ಬಿಟ್ಟು ಇಂಥಾ ಕಡೆ ಹೋಗಿ ಅಂದ್ರಂತೆ. ಹೋದ್ರು. ಅಲ್ಲೇ ಸತ್ರು. ಅತ್ತೆ, ಆಮೇಲೆ ಅವರ ಇಬ್ರೂ ಮಕ್ಕಳು."

ಅವಳು ಕಟ್ಟಳೆ ಮುರಿಯಲಿಲ್ಲ, ತನ್ನ ಬಗ್ಗೆಯೇ ಹೇಳಿದಳು. ಎದುರಿಗೆ ಕೂತಿದ್ದ ಗೆಫೆನ್ ಎದ್ದು ನಿಂತು ಅಳತೊಡಗಿದಳು. ಅವಳ ಅಣ್ಣ ಸೈನಿಕನಾಗಿ ಗಾಜಾದಲ್ಲೇ ಇದ್ದಾನಲ್ಲ, ಚಳಿಗಾಲದಿಂದ.

"ನಮ್ಮಣ್ಣ ಕೊಲೆಗಾರ ಅಲ್ಲ!"

"ನಾನು ನಿಮ್ಮಣ್ಣನ ಹೆಸರೇ ಎತ್ತಿಲ್ಲ!"

ಆಗ ಅಲ್ಲೇ ನಿಂತಿದ್ದ ದಫ್ನಾ ಏನು ಮಾಡಿದಳು ಗೊತ್ತಾ? ಚಪ್ಪಾಳೆ ತಟ್ಟಿದಳು. "ಎಲ್ಲರೂ ಕಣ್ಮುಚ್ಚಿ. ಉಸಿರು ಒಳಗೆ ತಗೊಳ್ಳಿ. ನಿಧಾನಕ್ಕೆ ಬಿಡಿ."

ನನ್ನ ನೆತ್ತಿಗೆ ಬೆಂಕಿ ಬಿದ್ದ ಹಾಗಾಯಿತು. "ಯಾರೂ ಕಣ್ಣು ಮುಚ್ಚಕೂಡದು" ಎಂದು ಕೂಗಿದೆ. ಹೌದು, ಕೂಗಿದೆ. ಆಮೇಲೆ ನಾದವ್‌ಗೆ ಹೇಳಿದೆ: "ಏಳು, ಮಗನೇ. ಹೊರಗೆ ಹೋಗು. ನಿನಗೆ ನನ್ನ ಮನೆ ಬಾಗಿಲು ಯಾವತ್ತೂ ತೆರೆದಿದೆ. ಈ ಬಟ್ಟೆಗೆ ಈ ಕ್ಲಾಸಿನ ಬಾಗಿಲು ಮುಚ್ಚಿದೆ." ಇಷ್ಟೇ ನಾನು ಅಂದದ್ದು. 'ಉಗಿದಳು', 'ಕೊಲೆಗಾರ ಅಂದಳು' ಎಂದು ಪೋಷಕರ ಗುಂಪಿನಲ್ಲಿ ಓಡಾಡಿದ್ದೆಲ್ಲ ಕಟ್ಟುಕತೆ.

ಗೇಟಿನ ಹತ್ತಿರ ಅವನು ನನಗಾಗಿ ಕಾದಿದ್ದ. ಕಣ್ಣು ಕೆಂಪಗಾಗಿತ್ತು. "ಚಿಕ್ಕಮ್ಮಾ, ನಿಮ್ಮಾಣೆ, ನಾನು ಯಾರ ಮೇಲೂ ಕೈ ಮಾಡಿಲ್ಲ. ಮರ್ಯಾದೆ ತಪ್ಪಿ ಮಾತಾಡಿಲ್ಲ."

"ಗೊತ್ತು ಕಣೋ. ಅದೇ ನನಗೆ ಉರಿ," ಅಂದೆ. ಅವನಿಗೆ ಅರ್ಥವಾಗಲಿಲ್ಲ. ನಿನಗಾದರೂ ಆಗುತ್ತದಾ? ಒರಟಾಗಿ ಕೂಗುವ ಹುಡುಗನನ್ನು ಕಂಡರೆ ಚೆಕ್‌ಪೋಸ್ಟಿಗೆ ಬಂದ ಮುದುಕಿ ಮನಸ್ಸಿನಲ್ಲೇ ಶಪಿಸಿ ಮನೆಗೆ ಹೋಗುತ್ತಾಳೆ. ತನ್ನ ಮೊಮ್ಮಗನ ಹಾಗೆ 'ಅಮ್ಮಾ' ಎಂದವನಿಗೆ ಅವಳು ಏನನ್ನಬೇಕು? ಆ 'ಅಮ್ಮಾ' ನನ್ನ ಅಡುಗೆಮನೆಯದು. ಅಕ್ಕಪಕ್ಕದವರು ಒಬ್ಬರನ್ನೊಬ್ಬರು ಮಾತಾಡಿಸಲಿ ಎಂದು ಕಲಿಸಿದ್ದು. ದಾರಿ ಮುಚ್ಚುವುದಕ್ಕಲ್ಲ.

ಇನ್ನು ಭಾನುವಾರದ ಪೋಷಕರ ಸಭೆ. ಅದರಲ್ಲಿ ನೀನೂ ಇದ್ದೆ, ಹೊಸದಾಗಿ ಹೇಳುವುದೇನಿಲ್ಲ. ಆದರೂ ಹೇಳುತ್ತೇನೆ, ಏಕೆಂದರೆ ನೀನು ಇದ್ದೆಯೋ ಇಲ್ಲವೋ ಎಂದು ನನಗೆ ಈಗಲೂ ಅನುಮಾನ. ಗೆಫೆನ್‌ಳ ಅಪ್ಪ ಮೇಜು ಗುದ್ದಿ, "ನಮ್ಮ ಸೈನಿಕನನ್ನ ಓಡಿಸೋ ಟೀಚರ್ ನನ್ನ ಮಗಳಿಗೆ ಬೇಡ" ಅಂದ. ಜುಮಾನಳ ಅಮ್ಮ ಔಷಧಿ ಅಂಗಡಿಯ ಬಿಳಿ ಕೋಟಿನಲ್ಲೇ ಓಡಿ ಬಂದಿದ್ದಳು. "ನನ್ನ ಮಗಳು ಒಂದು ಪ್ರಶ್ನೆ ಕೇಳಿದಾಳೆ, ಅದೂ ತಪ್ಪಾ?" ಅಂದಳು. ಅವಳಿಗೆ ಸಿಕ್ಕ ಉತ್ತರ: ರಾಜಕೀಯ ತರಬೇಡಿ. ಮಗುವಿಗೆ ಸ್ವಲ್ಪ ದಿನ ಕೌನ್ಸೆಲಿಂಗ್ ಕೊಡಿಸೋಣ. ಅಂದರೆ ಅತ್ತೆ ಸತ್ತ ಮಗುವಿಗೆ ಕಾಯಿಲೆ, ಉಳಿದವರೆಲ್ಲ ಆರೋಗ್ಯವಂತರು! ನಿಯಮ ಮುರಿದದ್ದು ಯಾರು ಎಂದು ಒಬ್ಬರೂ ಕೇಳಲಿಲ್ಲ. ನಾನು ಕ್ಷಮಾಪಣೆ ಬರೆದುಕೊಡಬೇಕು, ಅಷ್ಟೇ ತೀರ್ಮಾನ.

ನಾನು ನಿನ್ನ ಕಡೆ ನೋಡಿದೆ. ಒಂದೇ ಒಂದು ಮಾತಿಗಾಗಿ ಕಾದೆ. 'ಆ ನಿಯಮ ನಾವೆಲ್ಲ ಸೇರಿ ಮಾಡಿದ್ದು' ಎಂದಿದ್ದರೆ ಸಾಕಿತ್ತು. ನೀನು ಎದ್ದು, "ಎಲ್ಲರಿಗೂ ನೋವಾಗಿದೆ. ಎರಡೂ ಕಡೆ ನೋವಿದೆ" ಎಂದು ಹೇಳಿ ಕೂತೆ. ಎಲ್ಲರೂ ತಲೆಯಾಡಿಸಿದರು.

ಎರಡೂ ಕಡೆ! ಅಕ್ಟೋಬರಿನ ಆ ದಾಳಿಯಲ್ಲಿ ನಿನ್ನ ಸೋದರಮಾವನ ಮಗಳನ್ನು ಕೊಂದಾಗ ನೀವು ಏಳು ದಿನದ ಶೋಕಕ್ಕೆ ಕೂತಿದ್ದಿರಿ. ನಾನು ಅನ್ನದ ಪಾತ್ರೆ ಹೊತ್ತು ಬಂದೆ. ನಿನ್ನ ನೆಂಟರು ನನ್ನ ತಲೆಯ ಬಟ್ಟೆ ನೋಡಿ ಮಾತು ನಿಲ್ಲಿಸಿದರು. ಒಬ್ಬರು ಎದ್ದೇ ಹೋದರು. ನಾನು ನಿನ್ನ ಪಕ್ಕ ನೆಲದ ಮೇಲೆ ಕೂತು ನಿನ್ನ ಕೈ ಹಿಡಿದಿದ್ದೆ, ಕತ್ತಲಾಗುವವರೆಗೆ. ಆಗ ನಾನು 'ಎರಡೂ ಕಡೆ' ಅಂದೆನಾ, ಓಸ್ನತ್? ಆ ಹುಡುಗಿಯ ಸಾವು ಆ ಹುಡುಗಿಯದೇ ಆಗಿತ್ತು. ಅದನ್ನು ಯಾವ ತಕ್ಕಡಿಗೂ ನಾನು ಹಾಕಲಿಲ್ಲ. ಜುಮಾನಳ ಅತ್ತೆಯ ಸಾವಿಗೆ ಮಾತ್ರ ತಕ್ಕಡಿ ಯಾಕೆ ಬೇಕಾಯಿತು ನಿನಗೆ?

ದೂರದೂರಿನಿಂದ ಅತಿಥಿಗಳು ಬಂದಾಗ ನಮ್ಮಿಬ್ಬರನ್ನು ಅಕ್ಕಪಕ್ಕ ನಿಲ್ಲಿಸಿ ಫೋಟೋ ತೆಗೆಯುತ್ತಾರಲ್ಲ, ಅದು ಈಗ ಕಣ್ಣಿಗೆ ಕಟ್ಟುತ್ತದೆ. ಅವರು ನಮ್ಮ ಹುಮ್ಮುಸ್ ತಿಂದು, ಮಕ್ಕಳ ಹಾಡು ಕೇಳಿ ಕಣ್ಣೊರೆಸಿಕೊಂಡು ಹೋಗುತ್ತಾರೆ. ಹಾಡಿಗೆ ಎರಡು ಭಾಷೆ, ಫೋಟೋಗೆ ಎರಡು ಮುಖ. ಮಗು ನಿಜವಾಗಿ ಒಂದು ಪ್ರಶ್ನೆ ಕೇಳಿದ ದಿನ ಮಾತ್ರ ಎಲ್ಲರೂ ಕಣ್ಣು ಮುಚ್ಚಿ ಉಸಿರು ಬಿಡಬೇಕು.

ಕ್ಷಮಾಪಣೆ ಬರೆದುಕೊಡಲಿಲ್ಲ. ವರ್ಷ ಮುಗಿಯುವವರೆಗೆ ರಜೆಯ ಮೇಲಿರಿ ಅಂದಿದ್ದಾರೆ. ನನ್ನ ಗಂಡ ರಮ್ಜಿ, "ಬಿಟ್ಟಾಕು ಆ ಶಾಲೆನ. ಇಲ್ಲೇ ನಮ್ಮ ಜನರ ಮಕ್ಕಳಿಗೆ ಪಾಠ ಮಾಡು, ನೆಮ್ಮದಿಯಾಗಿರು" ಅನ್ನುತ್ತಾನೆ. ನೆಮ್ಮದಿ ಬೇಕಿದ್ದರೆ ನಾನು ಇಷ್ಟು ವರ್ಷ ನಿಮ್ಮ ಜೊತೆ ಯಾಕೆ ಏಗುತ್ತಿದ್ದೆ ಎಂದು ಅವನ ಮೇಲೂ ಹಾರಾಡಿದೆ.

ಒಂದು ಸುದ್ದಿ ಹೇಳಬೇಕು. ಜುಮಾನಳನ್ನು ಅವಳಮ್ಮ ಶಾಲೆ ಬಿಡಿಸಿದ್ದಾಳೆ. ಮೊನ್ನೆ ಗುರುವಾರ ಮಧ್ಯಾಹ್ನ ಅವಳು ನಮ್ಮ ಮನೆಗೆ ಬಂದಿದ್ದಳು, ಗಣಿತ ಹೇಳಿಸಿಕೊಳ್ಳಲು. ಸ್ವಲ್ಪ ಹೊತ್ತಿಗೆ ಬಾಗಿಲು ಬಡಿದ ಸದ್ದು. ತೆಗೆದರೆ ಗೆಫೆನ್! ಅವಳಮ್ಮ ಕೆಳಗೆ ಕಾರಿನಲ್ಲಿ ಕೂತಿದ್ದಳು, ಮೇಲೆ ಬರಲು ಮುಜುಗರ. "ಅಪ್ಪಂಗೆ ಹೇಳಿಲ್ಲ," ಅಂದಳು ಗೆಫೆನ್. "ಜುಮಾನ ಇದಾಳಾ? ನಂಗೆ ಅವಳ ಹತ್ರ ಜಗಳ ಆಡ್ಬೇಕು."

ಆಡಿದರು! ಬಾಲ್ಕನಿಯಲ್ಲಿ ಎದುರುಬದುರು ನಿಂತು, ಅರ್ಧ ಅರಬ್ಬಿ ಅರ್ಧ ಹೀಬ್ರೂನಲ್ಲಿ, ಬೀದಿಗೆ ಕೇಳುವ ಹಾಗೆ. "ನಮ್ಮಣ್ಣ ಸತ್ರೆ ನೀನು ಅಳ್ತೀಯಾ?" ಅಂದಳು ಒಬ್ಬಳು. "ನಮ್ಮತ್ತೆ ಸತ್ತಾಗ ನೀನು ಕಣ್ಣೀರು ಹಾಕಿದ್ಯಾ?" ಅಂದಳು ಇನ್ನೊಬ್ಬಳು. "ನಂಗೆ ಯಾರೂ ಹೇಳೇ ಇರ್ಲಿಲ್ಲ!" "ನೀನು ಕೇಳೇ ಇರ್ಲಿಲ್ಲ!" ನಾನು ಮಧ್ಯೆ ಹೋಗಲಿಲ್ಲ. ಪುದೀನ ಹಾಕಿ ನಿಂಬೆ ಪಾನಕ ಮಾಡಿ ಇಟ್ಟು ಒಳಗೆ ಬಂದೆ. ರಾಜಿಯಾಗಲಿಲ್ಲ. ಪಾನಕವನ್ನು ಮಾತ್ರ ಇಬ್ಬರೂ ಮುಖ ಊದಿಸಿಕೊಂಡೇ ಕುಡಿದು ಮುಗಿಸಿದರು. ಹೋಗುವಾಗ ಗೆಫೆನ್, "ಮುಂದಿನ ವಾರಾನೂ ಬರ್ತೀನಿ ಟೀಚರ್, ನಂದಿನ್ನೂ ಮುಗಿದಿಲ್ಲ" ಅಂದಳು. ಈ ವರ್ಷವೆಲ್ಲ ನಾನು ಕಂಡ ಸಂವಾದ ಅದೊಂದೇ.

ಸೆಪ್ಟೆಂಬರಿನಲ್ಲಿ ಶಾಲೆ ತೆರೆಯುವ ದಿನ ನಾನು ಗೇಟಿನ ಮುಂದೆ ಇರುತ್ತೇನೆ. ಬೇಡವಾದರೆ ಅವರೇ ಬಾಯಿಬಿಟ್ಟು ಬೇಡ ಅನ್ನಲಿ. ಜುಮಾನಳನ್ನೂ ವಾಪಸ್ ಕರೆತರಲು ಅವಳಮ್ಮನ ಕಾಲು ಹಿಡಿಯುತ್ತಿದ್ದೇನೆ.

ನಾದವ್‌ಗೆ ನನ್ನ ಆಶೀರ್ವಾದ. ದೇವರು ಅವನ ಮೈಯನ್ನೂ ಕಾಯಲಿ, ಅವನ ಕೈಯನ್ನೂ ಕಾಯಲಿ. ಜೀನ್ಸ್ ಹಾಕಿಕೊಂಡು ಬಂದರೆ ದ್ರಾಕ್ಷಿ ಎಲೆಯ ಅಡುಗೆ ಮಾಡಿ ಬಡಿಸುತ್ತೇನೆ, ಬೈಯುತ್ತಲೇ ಬಡಿಸುತ್ತೇನೆ. ನಿನ್ನ ತಾಯಿಗೆ ನನ್ನ ಸಲಾಮು ತಿಳಿಸು. ಬೇಗ ಗುಣವಾಗಲಿ.

ಇತಿ,
ಇಬ್ತಿಹಾಜ್

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದೆ. ಇಷ್ಟು ಹೊತ್ತು ದಫ್ನಾ ಮೇಲೆ, ಗೆಫೆನ್‌ಳ ಅಪ್ಪನ ಮೇಲೆ, ನಿನ್ನ ಮಗನ ಮೇಲೆ ಕೂಗಾಡಿದೆ. ನಿಜ ಹೇಳಬೇಕೆಂದರೆ ಅವರು ಯಾರಿಂದಲೂ ನನಗೆ ನಿದ್ದೆ ಕೆಟ್ಟಿಲ್ಲ. ಭಾನುವಾರ ಸಭೆ ಮುಗಿಸಿ ಹೊರಟವಳು ಕನ್ನಡಕ ಮರೆತು ವಾಪಸ್ ಬಂದೆ. ನೀನೂ ದಫ್ನಾಳೂ ಕುರ್ಚಿ ಜೋಡಿಸುತ್ತಿದ್ದಿರಿ, ಬೆನ್ನು ಬಾಗಿಲ ಕಡೆಗಿತ್ತು. "ನಾನು ಅವಳನ್ನ ಬೇರೆ ಥರ ಅಂದ್ಕೊಂಡಿದ್ದೆ," ಅಂದೆ ನೀನು. "ಕೊನೆಗೆ ಅವಳೂ ಅವರಲ್ಲಿ ಒಬ್ಬಳೇ." ಕನ್ನಡಕ ಅಲ್ಲೇ ಬಿಟ್ಟು ಬಂದೆ. ಇಷ್ಟು ವರ್ಷ ನೀನು 'ನಾವು' ಅಂದಾಗಲೆಲ್ಲ ಅದರಲ್ಲಿ ನಾನೂ ಇದ್ದೇನೆ ಅಂದುಕೊಂಡಿದ್ದೆ, ಓಸ್ನತ್.