ಹಳೇ ವಿಂಡೋಸ್ ಹಾಕಿಸಿದ್ದು ನಾನೇ

ಶಹಾಪುರ
18-11-2024, ಸೋಮವಾರ

ಕಾಂತೇಶ ಮಾಸ್ತರ ಅವರಿಗೆ,

ನಾನು ಇಲ್ಲಿ ಕ್ಷೇಮ ಅಂತ ಬರೆದರೆ ಸುಳ್ಳಾದೀತು. ಮೈಯೆಲ್ಲ ಸಿಟ್ಟಾಗಿ ಕೂತಿದ್ದೇನೆ. ನೀವು ಯಾದಗಿರಿಯಲ್ಲಿ ಕ್ಷೇಮವಾಗಿದ್ದೀರಿ ಅನ್ನುವುದು ಮೊನ್ನೆ ಬೀಗರ ವಾಟ್ಸಾಪ್ ಗ್ರೂಪಿನಲ್ಲಿ ನಿಮ್ಮ ದನಿ ಕೇಳಿದಾಗಲೇ ಗೊತ್ತಾಯಿತು. ಗಂಟಲು ಚೆನ್ನಾಗಿ ಬಿಟ್ಟಿದೆ.

“ಹೊಸಾ ಲ್ಯಾಪ್‌ಟಾಪ್ ತಂದು ಕೊಟ್ರ ಅದನ್ನ ಹಳೇ ಡಬ್ಬಿ ಮಾಡಿ ಇಟ್ಟಾಳ, ಈಕಿ ಸುಧಾರಿಸಾಂಗಿಲ್ಲ” ಅಂತ ನಲವತ್ತು ಮಂದಿ ಕೇಳುವ ಹಾಗೆ ಹೇಳಿದಿರಿ. ಮೇಲೆ ನನಗೊಂದು ಗಡುವು ಬೇರೆ: ತಿಂಗಳು ಮುಗಿಯುವುದರೊಳಗೆ ಟೈಪಿಂಗ್ ಟೇಬಲ್ ಬೇಕೋ ಮನೆ ಬೇಕೋ ಹೇಳಬೇಕು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತ ಶಾಲೆಯಲ್ಲಿ ಮಕ್ಕಳಿಗೆ ಹೇಳುವವರು ನೀವೇ ಅಲ್ಲವೇ? ಅತ್ತೆಯವರು ಫೋನ್ ಮಾಡಿ, “ಗಂಡ ತಂದದ್ದು ಕೆಡಿಸಿದ್ಯಂತಲ್ಲವ್ವಾ” ಅಂತ ಅತ್ತರು. ಅವರಿಗೆ ನಾನು ಏನು ಹೇಳಲಿ? ಗ್ರೂಪಿನಲ್ಲಿ ಜಗಳ ಆಡುವವಳು ನಾನಲ್ಲ, ಅದಕ್ಕೇ ಈ ಪತ್ರ.

ಹೌದು, ಹಳೇ ವಿಂಡೋಸ್ ಹಾಕಿಸಿದ್ದು ನಾನೇ. ಯಾಕೆ ಅಂತ ಒಂದು ಮಾತು ಕೇಳಿದಿರಾ?

ಕಳೆದ ತಿಂಗಳು ಅಣ್ಣನ ಮಗುವಿನ ತೊಟ್ಟಿಲಿಗೆ ಸುರಪುರಕ್ಕೆ ಹೋಗಿದ್ದೆ, ಒಂದೇ ದಿನ. ಆ ದಿನವೇ ನೀವು ಬಂದು, ಪಕ್ಕದ ಝೆರಾಕ್ಸ್ ಅಂಗಡಿಯ ನವಾಜ್ ಹತ್ತಿರ ನಾನು ಇಟ್ಟಿದ್ದ ಇನ್ನೊಂದು ಕೀಲಿ ಇಸಿದುಕೊಂಡು, ನನ್ನ ಕಂಪ್ಯೂಟರ್ ಬಿಚ್ಚಿ ಒಯ್ದಿರಿ. ಅದರ ಜಾಗದಲ್ಲಿ ಹೊಸ ಲ್ಯಾಪ್‌ಟಾಪ್ ಇಟ್ಟು, ಮೇಲೊಂದು ಗುಲಾಬಿ ಹೂ. ಖಂಡೇನವಮಿಗೆ ನಾನು ಹಚ್ಚಿದ ಕುಂಕುಮ ಆ ಮಾನಿಟರ್ ಮೇಲೆ ಇನ್ನೂ ಒಣಗಿರಲಿಲ್ಲ. ಹಾಗೇ ಗುಜರಿಗೆ ಹಾಕಿದಿರಿ. ಒಕ್ಕಲಿಗ ಊರಿಗೆ ಹೋದಾಗ ಅವನ ಎತ್ತು ಹೊಡೆದುಕೊಂಡು ಹೋಗಿ, ನಿನಗೆ ಒಳ್ಳೇದಾಗಲಿ ಅಂತ ಮಾಡಿದೆ ಅಂದರೆ ನಮ್ಮ ಕಡೆ ಏನಂತಾರೆ? ಬರೆದರೆ ನನ್ನ ಬಾಯಿ ಹೊಲಸಾಗುತ್ತದೆ.

ನಿಮಗೆ ಅದು ಡಬ್ಬಿ. ತಹಶೀಲ್ ಕಚೇರಿ ಎದುರು ತಗಡಿನ ಕೆಳಗೆ ಒಂಬತ್ತು ವರ್ಷ ಕೂತು ನಾನು ಟೈಪ್ ಮಾಡಿದ ಅರ್ಜಿ, ಆಸ್ತಿ ಪಾಲಿನ ವಾಟ್ನಿ ಪತ್ರ, ದಾನಪತ್ರ ಎಲ್ಲ ಇರುವುದು ಆ ಹಳೇ ಕನ್ನಡ ಸಾಫ್ಟ್‌ವೇರ್‌ನಲ್ಲಿ. ಪುಣ್ಯಕ್ಕೆ ಫೈಲು, ಸಾಫ್ಟ್‌ವೇರ್ ಎರಡೂ ಇರುವ ಪೆನ್‌ಡ್ರೈವ್ ಯಾವತ್ತೂ ನನ್ನ ಕೀಲಿ ಗೊಂಚಲಿನಲ್ಲೇ ಇರುತ್ತದೆ. ಆದರೆ ನಿಮ್ಮ ಹೊಸ ವಿಂಡೋಸ್ ಆ ಸಾಫ್ಟ್‌ವೇರನ್ನು ಒಳಗೇ ಬಿಟ್ಟುಕೊಳ್ಳಲಿಲ್ಲ. ಫೈಲು ತೆರೆದರೆ ಕನ್ನಡ ಒಂದಕ್ಷರ ಇಲ್ಲ, ಬರೀ ಕಸ.

ದೋರನಹಳ್ಳಿಯ ಯಂಕಮ್ಮ ಅಂತ ಒಬ್ಬಾಕೆ. ಗಂಡ ತೀರಿ ಹೋಗಿ ಆರು ತಿಂಗಳು. ಪಹಣಿಯಲ್ಲಿ ಆಕೆಯ ಹೆಸರು ಬರಬಾರದು ಅಂತ ಮೈದುನ ತಕರಾರು ಹಾಕಿದ್ದಾನೆ. ಅದಕ್ಕೆ ಉತ್ತರವನ್ನು ಮೂರು ದಿನ ಆಕೆಯ ಬಾಯಿಂದ ಕೇಳಿ ಕೇಳಿ ಟೈಪ್ ಮಾಡಿದ್ದೆ. ನಾನು ಸುರಪುರದಿಂದ ಬಂದ ಮರುದಿನವೇ ಆಕೆಯ ವಿಚಾರಣೆಯ ತಾರೀಖು. ಆಕೆ ನಿಮ್ಮ ಲ್ಯಾಪ್‌ಟಾಪ್‌ನೊಳಗೆ ಬಗ್ಗಿ ನೋಡಿ, “ಯಕ್ಕಾ, ನಾ ಹೇಳಿದ್ದೆಲ್ಲಾ ಎಲ್ಲಿ ಹೋತು?” ಅಂದಳು. ಹಳೇ ಕಂಪ್ಯೂಟರ್ ಇದ್ದ ಛಾಪಾ ಕಾಗದ ಮಾರುವವರ ಅಂಗಡಿ ಹುಡುಕಿ, ಪ್ರಿಂಟ್ ತೆಗೆದು, ಇಬ್ಬರೂ ಓಡುತ್ತ ಹೋಗುವಷ್ಟರಲ್ಲಿ ಸಾಹೇಬರು ಎದ್ದು ಹೋಗಿದ್ದರು. ತಾರೀಖು ಮುಂದಕ್ಕೆ ಬಿತ್ತು. ಆಕೆ ನನ್ನನ್ನು ಬೈಯಲಿಲ್ಲ. ಕಟ್ಟಿಕೊಂಡು ಬಂದಿದ್ದ ರೊಟ್ಟಿ ಮುರಿದು ಅರ್ಧ ನನಗೇ ಕೊಟ್ಟಳು.

ಮರುದಿನ ಲ್ಯಾಪ್‌ಟಾಪ್ ತೊಡೆ ಮೇಲೆ ಇಟ್ಟುಕೊಂಡು ಬಸ್ಸು ಹತ್ತಿ ಯಾದಗಿರಿಗೆ ಬಂದೆ, ರಿಪೇರಿ ಮಾಡುವ ಇಸ್ಮಾಯಿಲಸಾಬರ ಹತ್ತಿರ. ಅವರು ನಕ್ಕು, “ಅಕ್ಕಾರ, ಮಂದಿ ಎಲ್ಲಾ ಮುಂದಿಂದು ಹಾಕ್ರಿ ಅಂತಾರ, ನೀವೊಬ್ರೇ ಹಿಂದಿಂದು ಹಾಕ್ರಿ ಅನ್ನಾಕತ್ತೀರಿ” ಅಂದರು. ಮೂರು ದಿನ ಹಿಡಿಯಿತು. ಮೊದಲ ದಿನ ಮೌಸ್ ಓಡಲಿಲ್ಲ. ಎರಡನೇ ದಿನ ಅರ್ಧಕ್ಕೇ ನಿಂತು ನೀಲಿ ಪರದೆ ತೋರಿಸಿತು. ಕಡೆಗೆ ಹಳೇ ವಿಂಡೋಸ್ ಸೆವೆನ್ ಕೂತಿತು. ವೈಫೈ ಹಿಡಿಯುವುದಿಲ್ಲ, ಬೆರಳಾಡಿಸುವ ಪಟ್ಟಿ ಸತ್ತೇ ಹೋಯಿತು. ಹೋಗಲಿ ಬಿಡಿ. ಯಂಕಮ್ಮನ ಫೈಲು ತೆರೆದು ಕನ್ನಡ ಕಂಡಾಗ ಆ ಅಂಗಡಿಯಲ್ಲೇ ಅತ್ತುಬಿಟ್ಟೆ. ಇಸ್ಮಾಯಿಲಸಾಬರು ಚಹಾ ತರಿಸಿದರು.

ಆ ಮೂರು ದಿನವೂ ನಿಮ್ಮ ಮನೆಗೆ ಎರಡೇ ಓಣಿ ಆಚೆ ಕೂತಿದ್ದೆ. ಬರಲಿಲ್ಲ. ಬಂದಿದ್ದರೆ ಏನೇನು ಅಂದುಬಿಡುತ್ತಿದ್ದೆನೋ, ಅತ್ತೆಯವರ ಮುಂದೆ ಬೇಡ ಅನಿಸಿತು.

ನನಗೆ ಲ್ಯಾಪ್‌ಟಾಪ್ ಮೇಲೆ ಸಿಟ್ಟಿಲ್ಲ ಮಾಸ್ತರೇ. ನಿಮ್ಮ ಸಹಶಿಕ್ಷಕರು ಕೆಲಸಕ್ಕೆ ಅಂತ ಶಹಾಪುರಕ್ಕೆ ಬಂದಾಗ ನಾನು ತಗಡಿನ ಕೆಳಗೆ ಅವರ ಕಣ್ಣಿಗೆ ಬಿದ್ದೆ, ನಿಮ್ಮ ಮರ್ಯಾದೆ ಹೋಯಿತು. ಎರಡು ವರ್ಷದ ಹಿಂದೆ ಟೇಬಲ್ ಬಿಡು ಅಂದಿರಿ. ನಾನು ಬಿಡಲಿಲ್ಲ, ಇಲ್ಲೇ ಬಾಡಿಗೆಗೆ ಖೋಲಿ ಹಿಡಿದೆ. ಈಗ ಬಾಯಿಂದ ಆಗದ್ದನ್ನು ಹೂ ಇಟ್ಟು ಮಾಡಲು ನೋಡಿದಿರಿ. ಲ್ಯಾಪ್‌ಟಾಪ್ ಆದರೆ ಖೋಲಿಯಲ್ಲಿ ಕೂತು ಮಾಡಬಹುದು, ಯಾರ ಕಣ್ಣಿಗೂ ಬೀಳುವುದಿಲ್ಲ, ಅಲ್ಲವೇ? ಯಂಕಮ್ಮನಂಥವರು ಖೋಲಿ ಹುಡುಕಿಕೊಂಡು ಬರುವುದಿಲ್ಲ. ಅವರಿಗೆ ಕಚೇರಿ ಬಾಗಿಲು ಗೊತ್ತು, ಅದರ ಎದುರು ನಾನು ಗೊತ್ತು.

ನಿಮ್ಮ ಗಡುವಿಗೆ ಉತ್ತರ ಇಷ್ಟೇ. ಟೇಬಲ್ ಬಿಡುವುದಿಲ್ಲ. ಮನೆ ಬಿಟ್ಟೆ ಅಂತ ನಾನು ಯಾವತ್ತೂ ಹೇಳಿಲ್ಲ. ಎರಡರಲ್ಲಿ ಒಂದು ಅಂತ ಕೇಳಿದವರು ನೀವು, ಆ ಪ್ರಶ್ನೆ ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ. ಗ್ರೂಪಿನಲ್ಲಿ ಏನು ಹಾಕಬೇಕೋ ಹಾಕಿರಿ.

ಇಂತಿ,
ಅನುರಾಧಾ
ಟೈಪಿಂಗ್ ಟೇಬಲ್, ತಹಶೀಲ್ ಕಚೇರಿ ಎದುರು, ಶಹಾಪುರ

ತಾ.ಕ.: ಇದನ್ನು ಬರೆಯಬಾರದು ಅಂತಿದ್ದೆ. ಎಲ್ಲಾ ಅಳಿಸುವ ಮುಂಚೆ ಇಸ್ಮಾಯಿಲಸಾಬರಿಗೆ ಲ್ಯಾಪ್‌ಟಾಪ್‌ನೊಳಗೆ ಒಂದು ಫೈಲು ಸಿಕ್ಕಿತು. ಹೆಸರು ‘ಅನು’ ಅಂತ ಇತ್ತು. ಹಾಗೆ ನನ್ನನ್ನು ಕರೆಯುವವರು ನೀವೊಬ್ಬರೇ, ಅದೂ ಕರೆದು ಎರಡು ವರ್ಷವಾಯಿತು. ಪೆನ್‌ಡ್ರೈವ್‌ಗೆ ಹಾಕಿಸಿಕೊಂಡು ಬಂದೆ. ಆದರೆ ಅದು ಹೊಸ ಸಾಫ್ಟ್‌ವೇರ್‌ನಲ್ಲಿ ಬರೆದದ್ದು, ನನ್ನ ಹಳೇ ಸಾಫ್ಟ್‌ವೇರ್‌ನಲ್ಲಿ ತೆರೆದರೆ ಬರೀ ಚೌಕಗಳು. ಹದಿನಾಲ್ಕು ಪುಟ ಚೌಕಗಳು, ಕೊನೆಯವರೆಗೂ ನೋಡಿದೆ. ಇಸ್ಮಾಯಿಲಸಾಬರು ತಮ್ಮ ಅಂಗಡಿಯಲ್ಲಿ ತೆಗೆದು ಕೊಡುತ್ತೇನೆ ಅಂದರು, ಬೇಡ ಅಂದೆ. ಅದು ಬೇರೆಯವರ ಕಣ್ಣಿಗೆ ಬೀಳುವುದು ನನಗೆ ಬೇಡ. ಅದರಲ್ಲಿದ್ದದ್ದನ್ನು ಹಾಳೆಯ ಮೇಲೆ ಬರೆದು ಅಂಚೆಗೆ ಹಾಕಿರಿ. ಬೈದಿದ್ದರೆ ಬೈದ ಹಾಗೇ ಬರೆಯಿರಿ, ತಿದ್ದಬೇಡಿ.